ದುಃಖಕ್ಕೆ ಜೊತೆ, ದೂರಿಗೆ ತೀರ್ಮಾನ

ಪ್ರಿಯ ಅಯ್ಯನವರಿಗೆ,



ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದ ಮೇಲೆ ಬರೆಯಲು ಕೂತಿದ್ದೇನೆ. ಪೇಟೆಯ ಸಭೆ, ಅದರ ಜೊತೆಗೆ ನಾಲ್ಕು ಹಳ್ಳಿಯ ಸಭೆಗಳು, ಇಷ್ಟಕ್ಕೂ ನೀವೊಬ್ಬರೇ ಸಭಾಪಾಲಕರು. ಭಾನುವಾರದ ಪ್ರಸಂಗ ಚೆನ್ನಾಗಿತ್ತು ಎಂದು ಬಾಗಿಲ ಬಳಿ ಎಲ್ಲರೂ ಹೇಳಿ ಹೋಗುತ್ತಾರೆ, ಆದರೆ ಮನೆ ಭೇಟಿಗೆ ಹೋದರೆ ಕಾಫಿ ಕೊಟ್ಟು ಪ್ರಾರ್ಥನೆ ಮಾಡಿಸಿಕೊಂಡು ಕಳಿಸಿಬಿಡುತ್ತಾರೆ, ಕಮಿಟಿಯಲ್ಲಿ ಕೂತರೆ ಸಿಟ್ಟಿನ ಮಾತು ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ ಎಂದು ಬರೆದಿದ್ದೀರಿ. ಬರೆದ ರೀತಿಯಲ್ಲೇ ನಿಮ್ಮ ಆಯಾಸ ಕಾಣುತ್ತಿದೆ. ನನ್ನ ಬರಹಗಳನ್ನು ಓದುವ ಸ್ನೇಹಿತರೊಬ್ಬರು ಇಷ್ಟು ನಂಬಿ ಬರೆದರಲ್ಲ ಎಂದು ಸಂತೋಷವೂ ಆಯಿತು.

‘ಭಾವನಾತ್ಮಕ ಬುದ್ಧಿಮತ್ತೆ’ಯ ಬಗ್ಗೆ ಯಾವ ಪುಸ್ತಕ ಓದಲಿ ಎಂದು ಕೇಳಿದ್ದೀರಿ. ಪೀಟರ್ ಸಾಲೊವೆ ಮತ್ತು ಜಾನ್ ಮೇಯರ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು 1990ರಲ್ಲಿ ಆ ಹೆಸರಿನಲ್ಲಿ ಲೇಖನ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕದಿಂದ ಅದು ಲೋಕಕ್ಕೆಲ್ಲ ಪರಿಚಯವಾಯಿತು. ಖಂಡಿತ ಓದಿ. ಓದುವಾಗ ಒಂದನ್ನು ಗಮನಿಸಿ: ಆ ಇಬ್ಬರು ಮೊದಲು ಇಟ್ಟದ್ದು ಭಾವನೆಯನ್ನು ಗುರುತಿಸುವ ಶಕ್ತಿಯನ್ನು, ತನ್ನದನ್ನೂ ಎದುರಿನವರದನ್ನೂ. ನಿಭಾಯಿಸುವ ಮಾತು ಆಮೇಲಿನದು. ನಾಯಕತ್ವದ ತರಬೇತಿಗಳಲ್ಲಿ ಎಷ್ಟೋ ಸಲ ಈ ಕ್ರಮ ತಿರುಗಿಹೋಗಿ, ಜನರನ್ನು ನಿಭಾಯಿಸುವುದು ಹೇಗೆ ಎಂಬ ಪಾಠವೇ ಮುಂದಾಗುತ್ತದೆ. ನಿಭಾಯಿಸಲು ಬಂದವರು ಯಾರು, ಕೇಳಲು ಬಂದವರು ಯಾರು ಎಂಬುದು ಸಭೆಯ ಜನಕ್ಕೆ ಬಹಳ ಬೇಗ ಗೊತ್ತಾಗುತ್ತದೆ.

ನಾನು ಪ್ರಸಂಗಪೀಠದ ಹಿಂದೆ ನಿಂತವಳಲ್ಲ, ಜೀವಮಾನವೆಲ್ಲ ಬೆಂಚಿನ ಮೇಲೆ ಕೂತವಳು. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ. ಜನ ಸಭಾಪಾಲಕರ ಬಳಿಗೆ ತರುವುದು ಮುಖ್ಯವಾಗಿ ಎರಡು: ದುಃಖ ಮತ್ತು ದೂರು. ದುಃಖಕ್ಕೆ ಜೊತೆ ಬೇಕು, ದೂರಿಗೆ ತೀರ್ಮಾನ ಬೇಕು. ನಮ್ಮ ಸಭೆಗಳಲ್ಲಿ ಇವೆರಡೂ ಅದಲುಬದಲಾಗಿವೆ. ಗಂಡನನ್ನು ಮಣ್ಣು ಮಾಡಿ ಬಂದವಳಿಗೆ ವಚನ, ವಿವರಣೆ, ಮುಂದೆ ಹೇಗಿರಬೇಕೆಂಬ ಸಲಹೆ ಸಿಗುತ್ತದೆ. ಸಮಾಧಿ ಸ್ಥಳದ ಕಾಂಪೌಂಡಿಗೆ ಕೊಟ್ಟ ಹಣದ ಲೆಕ್ಕ ತೋರಿಸಿ ಎಂದವನಿಗೆ ‘ಪ್ರಾರ್ಥನೆ ಮಾಡೋಣ ಬ್ರದರ್’ ಎಂಬ ಸಮಾಧಾನ ಸಿಗುತ್ತದೆ. ದುಃಖದಲ್ಲಿದ್ದವಳು ಇನ್ನಷ್ಟು ಒಂಟಿಯಾಗುತ್ತಾಳೆ, ದೂರು ತಂದವನು ಮುಂದಿನ ಸಲ ಕೂಗುತ್ತಾನೆ. ನಿಮ್ಮ ಪತ್ರದಲ್ಲಿರುವ ಎರಡು ತೊಂದರೆಗಳ ಬೇರು ಇಲ್ಲೇ ಇದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ದುಃಖದ ಮಾತು ಮೊದಲು. ಯೋಬನ ಮೂವರು ಸ್ನೇಹಿತರ ಮೇಲೆ ನಾವು ಬೇಕಾದಷ್ಟು ಪ್ರಸಂಗ ಕೇಳಿದ್ದೇವೆ. ಎಲೀಫಜ, ಬಿಲ್ದದ, ಚೋಫರ ಎಂದರೆ ತಪ್ಪು ಮಾತಾಡಿದವರು ಎಂದೇ ನೆನಪು. ಆದರೆ ಅವರು ಬಂದವರೇ ಏಳು ಹಗಲು, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತಿದ್ದರು, ಒಂದು ಮಾತೂ ಆಡಲಿಲ್ಲ. ಆ ಏಳು ದಿನ ಅವರು ಒಳ್ಳೆಯ ಪಾಲಕರಾಗಿದ್ದರು. ಬಾಯಿ ತೆರೆದು ನೋವಿಗೆ ಕಾರಣ ಹುಡುಕಲು ಹೊರಟ ಮೇಲೆ ಕೆಟ್ಟಿತು. ಗ್ರಂಥದ ಕೊನೆಯಲ್ಲಿ ದೇವರು ಸಿಟ್ಟಾಗುವುದು ಅವರ ಮಾತಿನ ಮೇಲೆ, ಆ ಮೌನದ ಮೇಲಲ್ಲ. ಸೆಮಿನರಿಯಲ್ಲಿ ನಿಮಗೆ ಮಾತು ಕಟ್ಟುವುದನ್ನು ವರ್ಷಗಟ್ಟಲೆ ಕಲಿಸಿರುತ್ತಾರೆ, ಅದು ಬೇಕು ಕೂಡ. ಸುಮ್ಮನೆ ಕೂರುವುದನ್ನು ಮಾತ್ರ ನೀವೇ ಕಲಿಯಬೇಕು.

ಇದನ್ನು ನಿಜವಾಗಿ ಕಲಿತ ಒಬ್ಬರ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಚ್ಯಾಡ್ ವಾರಾ ಎಂಬ ಆಂಗ್ಲಿಕನ್ ಪಾದ್ರಿ 1935ರಲ್ಲಿ ಲಿಂಕನ್ ಪಟ್ಟಣದಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಶವಸಂಸ್ಕಾರ ನಡೆಸಬೇಕಾಯಿತು. ಅವಳು ತಾನಾಗಿಯೇ ಜೀವ ಕಳೆದುಕೊಂಡಿದ್ದಳು. ಮೈನೆರೆದದ್ದನ್ನು ಯಾವುದೋ ಹೇಳಬಾರದ ರೋಗ ಎಂದು ಹೆದರಿದ್ದಳು, ಕೇಳಿ ತಿಳಿದುಕೊಳ್ಳಲು ಅವಳಿಗೆ ಒಬ್ಬರೂ ಇರಲಿಲ್ಲ. ಆ ಸಮಾಧಿ ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ ನಗರದ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿಗೆ ಬಂದಾಗ, ಬದುಕು ಸಾಕೆನಿಸಿದವರು ಯಾವಾಗ ಬೇಕಾದರೂ ಕರೆ ಮಾಡಲಿ ಎಂದು ಅಲ್ಲಿಯ ಟೆಲಿಫೋನನ್ನೇ ಮೀಸಲಿಟ್ಟರು. ಆ ವರ್ಷದ ನವೆಂಬರ್ 2ರಂದು ಮೊದಲ ಕರೆ ಬಂತು. ಮುಂದೆ ‘ಸಮಾರಿಟನ್ಸ್’ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಹೀಗೆ.

ನನ್ನನ್ನು ಹಿಡಿದಿಡುವುದು ಆಮೇಲೆ ನಡೆದದ್ದು. ಫೋನು ಮಾಡಿದವರಲ್ಲದೆ ನೇರವಾಗಿ ಬಂದವರೂ ವಾರಾ ಅವರನ್ನು ಕಾಣಲು ಹೊರಗೆ ಕಾಯುತ್ತಿದ್ದರು. ನೆರವಾಗಲು ಬಂದ ಸಾಮಾನ್ಯ ಜನ, ಯಾವ ಪದವಿಯೂ ತರಬೇತಿಯೂ ಇಲ್ಲದವರು, ಆ ಹೊತ್ತಿನಲ್ಲಿ ಅವರಿಗೆ ಟೀ ಕೊಟ್ಟು ಜೊತೆಗೆ ಕೂತು ಮಾತು ಕೇಳುತ್ತಿದ್ದರು. ಎಷ್ಟೋ ಮಂದಿ ತಮ್ಮ ಸರದಿ ಬರುವ ಮೊದಲೇ, ಪಾದ್ರಿಯನ್ನು ನೋಡುವ ಅಗತ್ಯವೇ ಇಲ್ಲವೆಂದು ಎದ್ದು ಹೋಗುತ್ತಿದ್ದರು. ಬೇರೆ ಯಾರಾದರೂ ಆಗಿದ್ದರೆ ತನ್ನ ಸ್ಥಾನಕ್ಕೆ ಕುಂದು ಬಂತೆಂದು ನೊಂದುಕೊಳ್ಳುತ್ತಿದ್ದರು. ವಾರಾ ಹಾಗೆ ಮಾಡಲಿಲ್ಲ. 1954ರ ಫೆಬ್ರವರಿಯಲ್ಲಿ ಕೇಳುವ ಕೆಲಸವನ್ನೇ ಆ ಸ್ವಯಂಸೇವಕರಿಗೆ ಒಪ್ಪಿಸಿಬಿಟ್ಟರು. ತನಗಿಂತ ಚೆನ್ನಾಗಿ ಕೇಳಬಲ್ಲವರು ತನ್ನ ಸುತ್ತಲೇ ಇದ್ದಾರೆ ಎಂದು ಗುರುತಿಸಿ ಪಕ್ಕಕ್ಕೆ ಸರಿದು ನಿಂತದ್ದು ದೊಡ್ಡ ನಾಯಕತ್ವ.

ನಿಮ್ಮ ಸಭೆಯಲ್ಲೂ ಅಂಥವರು ಇದ್ದಾರೆ. ಸ್ತ್ರೀಯರ ಕೂಟದಲ್ಲಿ ಯಾರ ಮನೆಗೆ ಎಲ್ಲರೂ ಹೋಗಿ ಬರುತ್ತಾರೆ, ಆಸ್ಪತ್ರೆಯಲ್ಲಿ ರಾತ್ರಿ ಕೂರಲು ಯಾರನ್ನು ಕರೆಯುತ್ತಾರೆ ಎಂದು ವಿಚಾರಿಸಿ ನೋಡಿ. ಅವರು ಕಮಿಟಿಯಲ್ಲಿ ಇರುವುದಿಲ್ಲ, ವರದಿ ಪುಸ್ತಕದಲ್ಲಿ ಅವರ ಹೆಸರೂ ಬಂದಿರುವುದಿಲ್ಲ. ಅವರನ್ನು ಕರೆದು, ಈ ಸೇವೆ ನಿಮ್ಮದು ಎಂದು ಹೇಳಿ.

ನನ್ನ ತಾಯಿ ತೀರಿಕೊಂಡಾಗ ನಮ್ಮ ಅಂದಿನ ಸಭಾಪಾಲಕರು ಸಮಾಧಿಯ ಮರುದಿನ ಬಂದರು. ಬೈಬಲ್ ಕೈಯಲ್ಲಿತ್ತು, ತೆರೆಯಲಿಲ್ಲ. ಸ್ವಲ್ಪ ಹೊತ್ತು ಕೂತು, “ಅಮ್ಮ ಕೊನೆಗೆ ಏನು ಊಟ ಮಾಡಿದ್ರು?” ಎಂದು ಕೇಳಿದರು. ರವೆ ಗಂಜಿ ಎಂದೆ. ಯಾರು ಮಾಡಿಕೊಟ್ಟದ್ದು, ಪೂರ್ತಿ ಕುಡಿದರಾ ಎಂದರು. ಅಷ್ಟಕ್ಕೆ ನನ್ನಿಂದ ಎಲ್ಲವೂ ಹೊರಗೆ ಬಂತು: ಆಸ್ಪತ್ರೆ, ಅಣ್ಣ ತಮ್ಮಂದಿರ ಜಗಳ, ನಾನು ಆ ರಾತ್ರಿ ನಿದ್ದೆ ಹೋದದ್ದು. ಅವರು ತಲೆಯಾಡಿಸಿದ್ದು ಬಿಟ್ಟರೆ ಏನೂ ಹೇಳಲಿಲ್ಲ. ಹೊರಡುವಾಗ ಚಿಕ್ಕದೊಂದು ಪ್ರಾರ್ಥನೆ ಮಾಡಿದರು, ಅದರಲ್ಲಿ ನಾನು ಹೇಳಿದ್ದು ಯಾವುದನ್ನೂ ಸೇರಿಸಲಿಲ್ಲ. ಅವರು ಮುಂದಿನ ಭಾನುವಾರ ಯಾವ ವಾಕ್ಯದ ಮೇಲೆ ಪ್ರಸಂಗ ಮಾಡಿದರೋ ನೆನಪಿಲ್ಲ, ಆ ಪ್ರಶ್ನೆ ಮಾತ್ರ ಇವತ್ತಿಗೂ ನೆನಪಿದೆ.

ಪ್ರಾರ್ಥನೆಯಲ್ಲಿ ಸೇರಿಸಲಿಲ್ಲ ಎಂದೆನಲ್ಲ, ಅದು ಚಿಕ್ಕ ವಿಷಯವಲ್ಲ. ನಮ್ಮಲ್ಲಿ ಗುಟ್ಟು ಹೊರಗೆ ಹೋಗುವುದು ಹೆಚ್ಚಾಗಿ ಪ್ರಾರ್ಥನೆಯ ಬಾಗಿಲಿನಿಂದಲೇ. ‘ಇಂಥವರ ಮಗಳ ಸಂಸಾರಕ್ಕಾಗಿ ಪ್ರಾರ್ಥಿಸಿರಿ’ ಎಂದು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಬಂದರೆ, ಸಂಜೆಯೊಳಗೆ ಆ ಮಗಳ ಅತ್ತೆಮನೆಯವರಿಗೂ ತಲುಪಿರುತ್ತದೆ. ಕಥೋಲಿಕರಲ್ಲಿ ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯಕೂಡದೆಂಬ ಕಟ್ಟುನಿಟ್ಟಾದ ನಿಯಮವಿದೆ. ನಮ್ಮ ಸಭೆಗಳಲ್ಲಿ ಆ ಮಟ್ಟದ ನಿಯಮವಿಲ್ಲ, ಸಭಾಪಾಲಕರ ಮೇಲಿನ ನಂಬಿಕೆಯೊಂದೇ ಇರುವುದು. ಮನೆ ಭೇಟಿಯಲ್ಲಿ ಕೇಳಿದ್ದನ್ನು ಹೆಸರು ಬದಲಿಸಿ ಪ್ರಸಂಗದಲ್ಲಿ ದೃಷ್ಟಾಂತ ಮಾಡುವುದೂ ಬೇಡ. ಹೇಳಿಕೊಂಡವರಿಗೆ ತಮ್ಮ ಕಥೆಯ ಗುರುತು ಸಿಕ್ಕೇ ಸಿಗುತ್ತದೆ. ನಿಮ್ಮನ್ನು ಕಾಫಿ ಕೊಟ್ಟು ಕಳಿಸುತ್ತಾರೆ ಎಂದಿರಲ್ಲ, ನಿಮಗಿಂತ ಮುಂಚೆ ಅಲ್ಲಿ ಏನೋ ನಡೆದಿರಬಹುದು. ನಿಮ್ಮಿಂದ ಒಂದು ಮಾತೂ ಹೊರಗೆ ಬೀಳದೆ ಒಂದು ವರ್ಷ ಕಳೆಯಲಿ, ಮನೆಗಳ ಬಾಗಿಲು ತಾನಾಗಿ ತೆರೆಯುತ್ತದೆ.

ಇದಕ್ಕೆ ಒಂದು ಎಲ್ಲೆಯಿದೆ. ಯಾರಾದರೂ ಜೀವ ಬೇಡವೆನಿಸಿದೆ ಎಂದು ಹೇಳಿದರೆ ಅದನ್ನು ನೀವೊಬ್ಬರೇ ಹೊರಬೇಡಿ. ಅವರನ್ನು ಒಂಟಿಯಾಗಿ ಬಿಡದೆ, ಅವರ ಜೊತೆಯಲ್ಲೇ ವೈದ್ಯರ ಬಳಿಗೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಐದೂ ಸಭೆಗಳ ನೋಟಿಸ್ ಬೋರ್ಡಿನಲ್ಲಿ ಬರೆದು ಹಾಕಿಸಿ.

ಇನ್ನು ದೂರು. ನಿಮ್ಮ ಪತ್ರದಲ್ಲಿ ಕಮಿಟಿಯವರ ಜಗಳಕ್ಕೆ ಎರಡು ಪುಟ ಹೋಗಿದೆ. ಕೊನೆಯಲ್ಲಿ, ಹೋಗುವ ಹೊತ್ತಿಗೆ ಎಂಬಂತೆ, ಒಂದೇ ಸಾಲು: ದೂರದ ಹಳ್ಳಿಯ ಸಭೆಯ ಹೆಂಗಸರು ಆರಾಧನೆಯನ್ನು ಮಧ್ಯಾಹ್ನದ ಬದಲು ಬೆಳಿಗ್ಗೆ ಇಡಿ ಎನ್ನುತ್ತಿದ್ದಾರೆ, ಮಧ್ಯಾಹ್ನವಾದರೆ ಕೂಲಿಗೆ ಹೋದವರು ಬರಲಾಗದು, ಕರ್ತನ ಭೋಜನ ತಪ್ಪುತ್ತದೆ, ಕಮಿಟಿ ‘ನೋಡೋಣ’ ಎಂದಿದೆ. ಅಯ್ಯನವರೇ, ನನಗೆ ಇಡೀ ಪತ್ರದಲ್ಲಿ ಎದ್ದು ಕಂಡದ್ದು ಆ ಸಾಲು.

ಅಪೊಸ್ತಲರ ಕೃತ್ಯಗಳು ಆರನೆಯ ಅಧ್ಯಾಯದಲ್ಲಿ ಇಂಥದೇ ದೂರು ಬಂದಿತ್ತು. ಯೆರೂಸಲೇಮಿನ ಸಭೆಯಲ್ಲಿ ಎರಡು ಭಾಷೆಯ ಜನ. ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವವರು ಗೊಣಗಲು ತೊಡಗಿದರು. ಹನ್ನೆರಡು ಮಂದಿ ಅಪೊಸ್ತಲರು ಇಬ್ರಿಯರ ಬಳಗದವರು. ಅವರಿಗೆ ಎಷ್ಟು ಸುಲಭದ ದಾರಿಗಳಿದ್ದವು ನೋಡಿ! ಹೀಗೆ ನಡೆದೇ ಇಲ್ಲ ಎನ್ನಬಹುದಿತ್ತು. ಗೊಣಗುವುದು ಅವಿಶ್ವಾಸದ ಲಕ್ಷಣ ಎಂದು ಅರಣ್ಯದಲ್ಲಿದ್ದ ಇಸ್ರಾಯೇಲ್ಯರ ಉದಾಹರಣೆ ಕೊಡಬಹುದಿತ್ತು. ಅವರು ಹಾಗೆ ಮಾಡದೆ ಎಲ್ಲರನ್ನೂ ಸೇರಿಸಿದರು, ಈ ಕೆಲಸಕ್ಕೆ ನಿಮ್ಮೊಳಗಿಂದ ಏಳು ಮಂದಿಯನ್ನು ನೀವೇ ಆರಿಸಿ ಎಂದರು.

ಆರಿಸಿ ಬಂದ ಹೆಸರುಗಳನ್ನು ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳಕ್ಕೆ ಏಳೂ ಗ್ರೀಕ್ ಹೆಸರುಗಳು. ಹೆಸರಿನಿಂದಲೇ ಎಲ್ಲವನ್ನೂ ನಿರ್ಧರಿಸಲಾಗದು ಎಂಬುದೂ ನಿಜ, ಹನ್ನೆರಡರಲ್ಲೂ ಒಬ್ಬ ಫಿಲಿಪ್ಪ, ಒಬ್ಬ ಅಂದ್ರೆಯ ಇದ್ದರು. ಆದರೂ ಪೂರ್ತಿ ಪಟ್ಟಿ ಹೀಗಿರುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಯಾರ ವಿಧವೆಯರಿಗೆ ಊಟ ತಪ್ಪಿತೋ ಅವರ ಕೈಗೇ ಹಂಚುವ ಅಧಿಕಾರ ಹೋಯಿತು. ಸಮ ಪ್ರಾತಿನಿಧ್ಯ ಎಂದು ಅರ್ಧರ್ಧ ಕೂಡ ಮಾಡಲಿಲ್ಲ. ಬಡಿಸಲು ನೇಮಕವಾದ ಸ್ತೆಫನನೂ ಫಿಲಿಪ್ಪನೂ ಮುಂದೆ ದೊಡ್ಡ ಬೋಧಕರಾದರು. ದೂರನ್ನು ಕೇಳಿದ್ದರಿಂದ ಸಭೆಗೆ ಹೊಸ ನಾಯಕರೇ ಸಿಕ್ಕರು.

ಭಾಷೆಯ ಮಾತು ಬಂದಾಗ ಬೆಂಗಳೂರು ನೆನಪಾಗದೆ ಇರದು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. ಅದು ಯಾವ ಜನರ ಭಾಷೆ, ಕನ್ನಡವೋ ತಮಿಳೋ ಎಂಬ ಪ್ರಶ್ನೆ ಅಲ್ಲಿಯ ಕಥೋಲಿಕರನ್ನು ದಶಕಗಳ ಕಾಲ ಒಡೆಯಿತು. ಎರಡೂ ಕಡೆಯ ಮನೆಗಳಲ್ಲಿ ನಾನು ಕೂತು ಮಾತಾಡಿದ್ದೇನೆ. ನ್ಯಾಯ ಯಾರದೆಂದು ತೂಗುವವಳು ನಾನಲ್ಲ. ‘ನಮ್ಮನ್ನು ಯಾರೂ ಕೇಳಲೇ ಇಲ್ಲ’ ಎಂಬ ಮಾತನ್ನು ಎರಡೂ ಕಡೆ ಕೇಳಿದೆ, ಅದೇ ದನಿಯಲ್ಲಿ.

ಕಮಿಟಿಯಲ್ಲಿ ಹೇಗೆ ಕೇಳುವುದು? ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಕ್ಕೆ ಬರೆದ ನಿಯಮಾವಳಿಯ ಮೂರನೆಯ ಅಧ್ಯಾಯ ಇದಕ್ಕೇ ಮೀಸಲು. ಮಹತ್ವದ ವಿಷಯ ಬಂದಾಗ ಮಠಾಧಿಪತಿ ಎಲ್ಲರನ್ನೂ ಕರೆಯಬೇಕು, ಕಿರಿಯರನ್ನು ಕೂಡ, ಏಕೆಂದರೆ ಉತ್ತಮವಾದದ್ದನ್ನು ದೇವರು ಹಲವು ಸಲ ಕಿರಿಯರಿಗೇ ತಿಳಿಸುತ್ತಾನೆ ಎಂಬುದು ಅವರ ನಂಬಿಕೆ. ಕೇಳಿದ ಮೇಲೆ ತೀರ್ಮಾನದ ಹೊಣೆ ಮಠಾಧಿಪತಿಯದೇ. ಇದರಲ್ಲಿ ಸಮತೋಲ ಇದೆ. ಎಲ್ಲರ ಮಾತೂ ನಡೆಯಬೇಕೆಂದಿಲ್ಲ, ಆದರೆ ಎಲ್ಲರ ಮಾತೂ ಕಿವಿಗೆ ಬಿದ್ದಿರಬೇಕು. ನಮ್ಮ ಕಮಿಟಿಗಳಲ್ಲಿ ಹಿರಿಯರು ಮೊದಲು ಮಾತಾಡುತ್ತಾರೆ. ಅಲ್ಲಿಗೆ ಯುವಜನ ಕೂಟದ ಪ್ರತಿನಿಧಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಒಮ್ಮೆ ಚಿಕ್ಕವರಿಂದ ಶುರುಮಾಡಿ ನೋಡಿ.

2023ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ರೋಮಿನಲ್ಲಿ ಕರೆದ ಸಿನೊಡ್ ಎಂಬ ಸಮಾಲೋಚನಾ ಸಭೆಯಲ್ಲಿ ಕೂರುವ ರೀತಿಯನ್ನೇ ಬದಲಿಸಿದರು. ಸಾಲುಸಾಲು ಆಸನಗಳ ಬದಲು ದುಂಡುಮೇಜುಗಳು. ಕಾರ್ಡಿನಲ್, ಬಿಷಪ್, ಸಿಸ್ಟರ್, ಸಾಮಾನ್ಯ ಭಕ್ತ ಒಂದೇ ಮೇಜಿನ ಸುತ್ತ. ಮಹಿಳೆಯರಿಗೆ ಮೊದಲ ಬಾರಿ ಮತದ ಹಕ್ಕೂ ಸಿಕ್ಕಿತು. ಅವರ ಪದ್ಧತಿ ನಿಮ್ಮ ಕಮಿಟಿಗೂ ಆಗಿಬರುತ್ತದೆ. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತು ಹೇಳುತ್ತಾರೆ, ಯಾರೂ ನಡುವೆ ಬಾಯಿ ಹಾಕುವಂತಿಲ್ಲ. ಆಮೇಲೆ ಮೌನ. ಎರಡನೆಯ ಸುತ್ತಿನಲ್ಲಿ ತನ್ನ ವಾದವನ್ನು ಮುಂದುವರಿಸುವಂತಿಲ್ಲ, ಬೇರೆಯವರ ಮಾತಿನಲ್ಲಿ ತನ್ನನ್ನು ತಟ್ಟಿದ್ದು ಯಾವುದು ಎಂಬುದನ್ನಷ್ಟೇ ಹೇಳಬೇಕು. ಮತ್ತೆ ಮೌನ. ಆಮೇಲೆ ತೀರ್ಮಾನದ ಚರ್ಚೆ. ಎರಡನೆಯ ಸುತ್ತೇ ಇದರ ಜೀವಾಳ. ಎದುರಾಳಿಯ ಮಾತನ್ನು ಮತ್ತೆ ಹೇಳಬೇಕಾಗುತ್ತದೆ ಎಂದು ಗೊತ್ತಿದ್ದರೆ ಮನುಷ್ಯ ಬೇರೆ ರೀತಿಯಲ್ಲಿ ಕೇಳುತ್ತಾನೆ.

ಹೊತ್ತು ಹಿಡಿಯುತ್ತದೆ, ನಿಜ. ನಮ್ಮ ದಕ್ಷಿಣ ಭಾರತ ಸಭೆಯನ್ನೇ ನೋಡಿ. 1919ರಲ್ಲಿ ತರಂಗಂಬಾಡಿಯಲ್ಲಿ ಮಾತು ಶುರುವಾದದ್ದು, ಸಭೆ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ. ಬಿಷಪ್ ಬೇಕೆನ್ನುವವರೂ ಬೇಡವೆನ್ನುವವರೂ ಇಪ್ಪತ್ತೆಂಟು ವರ್ಷ ಒಬ್ಬರನ್ನೊಬ್ಬರು ಕೇಳುತ್ತ ಕೂತರು. ಆ ತಾಳ್ಮೆಯ ಮಕ್ಕಳು ನಾವು.

ಇನ್ನು ನಿಮ್ಮ ವಿಷಯ. ಕಮಿಟಿಯ ಒಬ್ಬ ಹಿರಿಯರ ಫೋನು ಬಂದರೆ ಎದೆ ಬಿಗಿಯುತ್ತದೆ ಎಂದು ಬರೆದಿದ್ದೀರಿ. ಅದನ್ನು ಬರೆದದ್ದು ಒಳ್ಳೆಯದಾಯಿತು. ಬಿಗಿಯುತ್ತಿದೆ ಎಂದು ಗೊತ್ತಾದರೆ, ಸಿಟ್ಟು ಇಳಿದ ಮೇಲೆ ನಾನೇ ಕರೆ ಮಾಡುತ್ತೇನೆ ಎಂದು ತಡೆಯಬಹುದು. ಗೊತ್ತಾಗದಿದ್ದರೆ ಆ ಸಿಟ್ಟು ಪ್ರಸಂಗದಲ್ಲಿ ಬೇರೆ ವೇಷದಲ್ಲಿ ಹೊರಬರುತ್ತದೆ. ಬೆಂಚಿನಲ್ಲಿ ಕೂತ ನಮಗೆ ಅದು ಯಾರಿಗೆ ಹೇಳಿದ್ದೆಂದು ತಿಳಿದುಬಿಡುತ್ತದೆ.

ಮೋಶೆ ಬೆಳಗಿನಿಂದ ಸಂಜೆಯ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ಕೇಳುತ್ತಿದ್ದಾಗ ಅವನ ಮಾವ ಇತ್ರೋನ ಬಂದ. ಅವನು ಬಂದ ದಿನವೇ ಬುದ್ಧಿ ಹೇಳಲಿಲ್ಲ. ಮೊದಲು ಅಳಿಯನ ಕಥೆಯನ್ನೆಲ್ಲ ಕೇಳಿ ಸಂತೋಷಪಟ್ಟ, ಮರುದಿನ ಅವನ ಕೆಲಸವನ್ನು ನೋಡಿದ, ಒಬ್ಬನೇ ಯಾಕೆ ಕೂತಿದ್ದೀ ಎಂದು ಕೇಳಿದ, ಸಲಹೆ ಕೊಟ್ಟದ್ದು ಅದರ ನಂತರ. ನಿಮಗೂ ಒಬ್ಬ ಇತ್ರೋನ ಬೇಕು. ನಿಮ್ಮ ಸಭೆಯ ಹೊರಗಿನವರು, ಬಿಷಪರಿಗೆ ವರದಿ ಒಪ್ಪಿಸುವ ಹೊಣೆ ಇಲ್ಲದವರು. ನಿವೃತ್ತರಾದ ಸಭಾಪಾಲಕರೊಬ್ಬರು ಪಕ್ಕದ ಊರಿನಲ್ಲಿದ್ದಾರೆ ಎಂದಿದ್ದಿರಿ, ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಬನ್ನಿ. ಎಲ್ಲವನ್ನೂ ಮನೆಯಲ್ಲಿ ಅಮ್ಮನವರ ಮೇಲೆ ಹಾಕಬೇಡಿ. ಸಭೆಯ ಹೆಂಗಸರ ಅರ್ಧ ದುಃಖ ಈಗಾಗಲೇ ಅವರ ಕಿವಿಯಲ್ಲಿದೆ.

ಮುಂದಿನ ಕಮಿಟಿಯ ವಿಷಯಪಟ್ಟಿಯಲ್ಲಿ ಸುಗ್ಗಿ ಹಬ್ಬದ ಹರಾಜು, ಪೇಂಟಿಂಗು, ಸೌಂಡ್ ಸಿಸ್ಟಮ್ ಎಲ್ಲ ಇರುತ್ತದೆ. ಅವುಗಳ ಮೇಲೆ, ಮೊದಲನೆಯದಾಗಿ, ಹಳ್ಳಿಯ ಆರಾಧನೆಯ ವೇಳೆಯನ್ನು ಬರೆಯಿರಿ. ಆ ಹೆಂಗಸರ ಪರವಾಗಿ ನೀವು ಮಾತಾಡಬೇಡಿ. ಅವರಲ್ಲೇ ಇಬ್ಬರನ್ನು ಕರೆಸಿ, ಬಸ್ ಚಾರ್ಜನ್ನೂ ಅವತ್ತಿನ ಕೂಲಿಯನ್ನೂ ಸಭೆಯ ನಿಧಿಯಿಂದ ಕೊಡಿಸಿ, ಮೇಜಿನ ಹತ್ತಿರದ ಕುರ್ಚಿಯಲ್ಲೇ ಕೂರಿಸಿ, ಮೊದಲ ಮಾತು ಅವರದಾಗಲಿ. ಅವತ್ತೇ ತೀರ್ಮಾನ ಮಾಡಿ, ಅವರು ಎದ್ದು ಹೋಗುವ ಮೊದಲೇ ಅದನ್ನು ಓದಿ ಹೇಳಿ. ಪೇಟೆಯ ಆರಾಧನೆಯ ವೇಳೆಯನ್ನೇ ಅರ್ಧ ಗಂಟೆ ಹಿಂದೆ ಮುಂದೆ ಮಾಡಬೇಕಾದರೆ ಗೊಣಗಾಟ ಬರುತ್ತದೆ, ಅದನ್ನೂ ಕೇಳಿ. ಏನಾಯಿತೆಂದು ನನಗೆ ಬರೆಯಿರಿ.

ಅಮ್ಮನವರಿಗೂ ಮಕ್ಕಳಿಗೂ ನನ್ನ ವಂದನೆಗಳು.

ಕರ್ತನಲ್ಲಿ ನಿಮ್ಮ ಅಕ್ಕ